ಇಳಿಯಲು ಕಲಿತ ರಾಕೆಟ್

ದೀಪಾವಳಿಯಲ್ಲಿ ಬಾಟಲಿಯೊಳಗೆ ಕಡ್ಡಿ ನಿಲ್ಲಿಸಿ ಹಚ್ಚಿದ ರಾಕೆಟ್ ಎಲ್ಲಿ ಹೋಗಿ ಬಿತ್ತೆಂದು ಯಾರೂ ಹುಡುಕುವುದಿಲ್ಲ. ಮರುದಿನ ಯಾರದೋ ತಾರಸಿಯ ಮೇಲೋ ತೆಂಗಿನ ಬುಡದಲ್ಲೋ ಸುಟ್ಟ ಕಡ್ಡಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ರಾಕೆಟ್ ಎಂದರೆ ಏರುವ ವಸ್ತು. ಅದು ಇಳಿದದ್ದರ ಲೆಕ್ಕ ಇಟ್ಟವರು ಕಡಿಮೆ. ರಾಕೆಟ್ಟಿನ ಚರಿತ್ರೆಯನ್ನು ಬರೆದವರೂ ಬಹುಮಟ್ಟಿಗೆ ಹೀಗೆಯೇ ಬರೆದಿದ್ದಾರೆ. 1926ರ ಮಾರ್ಚ್ 16ರಂದು ರಾಬರ್ಟ್ ಗಾಡರ್ಡ್ ಹಾರಿಸಿದ ಮೊದಲ ದ್ರವ ಇಂಧನದ ರಾಕೆಟ್ 41 ಅಡಿ ಏರಿತು ಎಂಬುದು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಎರಡೂವರೆ ಸೆಕೆಂಡು ಮುಗಿಯುವಷ್ಟರಲ್ಲಿ ಅದು 184 ಅಡಿ ದೂರದಲ್ಲಿ ನೆಲಕ್ಕೆ ಬಿದ್ದಿತ್ತು ಎಂಬುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ.

ಈ ಚರಿತ್ರೆಯಲ್ಲಿ ಒಂದು ಕವಲು ಮಾತ್ರ ಬೇರೆ. ಕಾಗದ, ಹಗುರ ಮರ, ಪ್ಲಾಸ್ಟಿಕ್ ಬಳಸಿ ಹವ್ಯಾಸಿಗಳು ಕಟ್ಟಿ ಹಾರಿಸುವ ಮಾದರಿ ರಾಕೆಟ್‌ಗಳ ಕವಲು ಅದು. ಅಲ್ಲಿ ಏರಿದ್ದು ಸುರಕ್ಷಿತವಾಗಿ ಇಳಿಯಲೇಬೇಕು ಎಂಬುದು ಮೊದಲ ನಿಯಮ. ಆ ನಿಯಮ ಹೇಗೆ ಹುಟ್ಟಿತು, ಆಟಿಕೆಯಷ್ಟಿದ್ದ ರಾಕೆಟ್ಟನ್ನು ಆಳೆತ್ತರಕ್ಕೂ ಮನೆಯೆತ್ತರಕ್ಕೂ ಹಿಗ್ಗಿಸಲು ಹೊರಟವರಿಗೆ ಪ್ಯಾರಾಚೂಟ್ ಯಾಕೆ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು ಎಂಬುದು ಈ ಬರಹದ ವಿಷಯ. ಮೇಲುನೋಟಕ್ಕೆ ಇದು ಹವ್ಯಾಸದ ಕಥೆ. ಆದರೆ ಇದರ ಆರಂಭದಲ್ಲಿದ್ದದ್ದು ಮಕ್ಕಳ ಬೆರಳು, ಕಣ್ಣು ಮತ್ತು ಜೀವದ ಪ್ರಶ್ನೆ.

ಮರಳುವ ಹಂಗಿಲ್ಲದ ಅಸ್ತ್ರ

ರಾಕೆಟ್ ಬಹುಕಾಲ ಬದುಕಿದ್ದು ಅಸ್ತ್ರವಾಗಿ. ಹೈದರಾಲಿ ಮತ್ತು ಟಿಪ್ಪುವಿನ ಕಾಲದ ಮೈಸೂರು ಸೈನ್ಯ ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿ ಹಾರಿಸುತ್ತಿತ್ತು. ಕಾಗದ ಅಥವಾ ಬಿದಿರಿನ ಕೊಳವೆಗಿಂತ ಕಬ್ಬಿಣ ಹೆಚ್ಚಿನ ಒತ್ತಡವನ್ನು ತಡೆಯುತ್ತದೆ. ಹಾಗಾಗಿ ಆ ರಾಕೆಟ್‌ಗಳು ಹೆಚ್ಚು ದೂರ ಹೋಗುತ್ತಿದ್ದವು. 1780ರ ಪೊಳ್ಳಿಲೂರು ಕಾಳಗದಲ್ಲಿ, 1792 ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರು ಇವುಗಳ ಪೆಟ್ಟು ತಿಂದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಒಂದು ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ಮೇಲೆತ್ತಲಾಯಿತು.

ಮೈಸೂರಿನ ರಾಕೆಟ್‌ಗಳಿಂದ ಪ್ರೇರಣೆ ಪಡೆದ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ 19ನೆಯ ಶತಮಾನದ ಆರಂಭದಲ್ಲಿ ತನ್ನದೇ ರಾಕೆಟ್‌ಗಳನ್ನು ಮಾಡಿದ. ಅವನ 32 ಪೌಂಡಿನ ರಾಕೆಟ್ಟನ್ನು ನೆಟ್ಟಗೆ ಹಾರಿಸಲು 15 ಅಡಿ ಉದ್ದದ ಕೋಲು ಕಟ್ಟಬೇಕಾಗಿತ್ತು. ಗಾತ್ರ ಹೆಚ್ಚಿಸಿದವನು ಕೋಲನ್ನೂ ಉದ್ದ ಮಾಡಬೇಕಾಯಿತು. ಆದರೆ ಅದನ್ನು ಇಳಿಸುವುದು ಹೇಗೆಂದು ಅವನೂ ಯೋಚಿಸಲಿಲ್ಲ. ಯೋಚಿಸುವ ಅಗತ್ಯವೂ ಇರಲಿಲ್ಲ. ಅಸ್ತ್ರಕ್ಕೆ ಮರಳುವ ಹಂಗಿಲ್ಲ. ಶತ್ರುವಿನ ಮೇಲೆ ಬೀಳುವುದೇ ಅದರ ಇಳಿಯುವಿಕೆ.

ಈ ಪ್ರಶ್ನೆ ಗಂಭೀರವಾಗಿ ಎದ್ದದ್ದು ಎರಡನೆಯ ಮಹಾಯುದ್ಧದ ನಂತರ. ಜರ್ಮನಿಯಿಂದ ವಶಪಡಿಸಿಕೊಂಡ ವಿ-2 ರಾಕೆಟ್‌ಗಳನ್ನು ಅಮೆರಿಕದವರು ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಮರುಭೂಮಿಯಿಂದ ಹಾರಿಸತೊಡಗಿದರು. ಸಿಡಿತಲೆ ಇದ್ದ ಜಾಗದಲ್ಲಿ ವಿಜ್ಞಾನಿಗಳು ಉಪಕರಣಗಳನ್ನಿಟ್ಟರು. ರಾಕೆಟ್ ಏನೋ ಚೆನ್ನಾಗಿಯೇ ಏರುತ್ತಿತ್ತು. ಆದರೆ ಚೂಪು ಮೂತಿಯ ಆ ಯಂತ್ರ ಅಷ್ಟೇ ಚೆನ್ನಾಗಿ ಗಾಳಿಯನ್ನು ಸೀಳಿಕೊಂಡು ಇಳಿದು ನೆಲದಲ್ಲಿ ಹಳ್ಳ ತೋಡುತ್ತಿತ್ತು, ಉಪಕರಣಗಳು ಪುಡಿಯಾಗುತ್ತಿದ್ದವು. ಕೊನೆಗೆ ಇಳಿಯುವ ದಾರಿಯಲ್ಲಿ, ಆಕಾಶದಲ್ಲೇ ಸ್ಫೋಟಕದಿಂದ ಮೂತಿಯನ್ನು ಬೇರ್ಪಡಿಸುವ ಉಪಾಯ ಮಾಡಿದರು. ಆಕಾರ ಕೆಟ್ಟ ದೇಹ ಗಿರಕಿ ಹೊಡೆಯುತ್ತಾ ಕೊಂಚ ನಿಧಾನವಾಗಿ ಬೀಳುತ್ತಿತ್ತು. 1946ರ ಅಕ್ಟೋಬರ್ 24ರಂದು ಹಾರಿದ ವಿ-2 ಸುಮಾರು 105 ಕಿಲೋಮೀಟರ್ ಎತ್ತರದಿಂದ ಭೂಮಿಯ ಚಿತ್ರಗಳನ್ನು ತೆಗೆಯಿತು. ಬಾಹ್ಯಾಕಾಶದಿಂದ ತೆಗೆದ ಮೊದಲ ಚಿತ್ರಗಳವು. ಕ್ಯಾಮೆರಾ ನುಚ್ಚುನೂರಾಗಿತ್ತು. ಉಕ್ಕಿನ ಡಬ್ಬಿಯೊಳಗಿದ್ದ ಫಿಲ್ಮ್ ಮಾತ್ರ ಉಳಿಯಿತು. ಅದು ಉಳಿದದ್ದರಿಂದಲೇ ಆ ಹಾರಾಟ ಚರಿತ್ರೆಗೆ ಸೇರಿತು.

ಬೂಟಿನ ಅಂಗಡಿಯವರ ಕಾಗದ

ಇದೇ ವೈಟ್ ಸ್ಯಾಂಡ್ಸ್‌ನಲ್ಲಿ 1950ರ ದಶಕದಲ್ಲಿ ಜಿ. ಹ್ಯಾರಿ ಸ್ಟೈನ್ ಎಂಬ ಎಂಜಿನಿಯರ್ ಕೆಲಸ ಮಾಡುತ್ತಿದ್ದರು. ರಾಕೆಟ್ ಕೆಲಸದಲ್ಲಿ ಸುರಕ್ಷತೆಯನ್ನು ಹೇಗೆ ಕಾಪಾಡುತ್ತಾರೆ ಎಂಬ ಬಗ್ಗೆ 1957ರ ಫೆಬ್ರವರಿಯ ಒಂದು ಜನಪ್ರಿಯ ಯಂತ್ರವಿಜ್ಞಾನ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಅದನ್ನು ಓದಿ ಅವರಿಗೆ ಕಾಗದ ಬರೆದವರಲ್ಲಿ ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಊರಿನ ಆರ್ವಿಲ್ ಕಾರ್ಲೈಲ್ ಒಬ್ಬರು. ಕಾರ್ಲೈಲ್ ಬೂಟಿನ ಅಂಗಡಿ ಇಟ್ಟುಕೊಂಡಿದ್ದವರು. ಬಾಣಬಿರುಸು ಮಾಡುವುದು ಅವರ ಹವ್ಯಾಸ. ಅವರ ಸಹೋದರ ರಾಬರ್ಟ್‌ಗೆ ಮಾದರಿ ವಿಮಾನಗಳ ಹುಚ್ಚು. ಉಪನ್ಯಾಸಗಳಲ್ಲಿ ರಾಕೆಟ್ಟಿನ ತತ್ವವನ್ನು ತೋರಿಸಲು ಅವರಿಗೊಂದು ಚಿಕ್ಕ ರಾಕೆಟ್ ಬೇಕಾಗಿತ್ತು. 1954ರಲ್ಲಿ ಆರ್ವಿಲ್ ಅದನ್ನು ಮಾಡಿಕೊಟ್ಟರು.

ಆ ರಾಕೆಟ್ಟಿಗೆ ಅವರಿಟ್ಟ ಹೆಸರು 'ರಾಕ್-ಎ-ಚೂಟ್'. ಹೆಸರಿನಲ್ಲೇ ಪ್ಯಾರಾಚೂಟ್ ಇದೆ. ರಾಕೆಟ್ ಮತ್ತು ಪ್ಯಾರಾಚೂಟ್ ಎಂಬ ಎರಡು ಪದಗಳನ್ನು ಬೆಸೆದ ಈ ಹೆಸರು ಇಡೀ ಹವ್ಯಾಸದ ಬೀಜವನ್ನು ಹೇಳಿಬಿಡುತ್ತದೆ. ರಚನೆ ಸರಳವಾಗಿತ್ತು. ಕಾಗದದ ಕೊಳವೆ, ಮರದ ತೆಳು ರೆಕ್ಕೆಗಳು, ತುದಿಗೆ ಸಡಿಲವಾಗಿ ಕೂರಿಸಿದ ಮೂತಿ. ಬುಡದಲ್ಲಿ ಮದ್ದು ತುಂಬಿದ ಪುಟ್ಟ ಮೋಟಾರು. ಒಮ್ಮೆ ಉರಿದ ಮೋಟಾರನ್ನು ತೆಗೆದೆಸೆದು ಹೊಸದನ್ನು ತೂರಿಸಿದರೆ ಅದೇ ರಾಕೆಟ್ ಮತ್ತೆ ಹಾರುತ್ತಿತ್ತು. ಮೋಟಾರಿನೊಳಗೆ ಮೂರು ಪದರ. ಮೊದಲನೆಯದು ರಾಕೆಟ್ಟನ್ನು ಮೇಲಕ್ಕೆ ನೂಕುತ್ತದೆ. ಎರಡನೆಯದು ನೂಕುಬಲವಿಲ್ಲದೆ ನಿಧಾನವಾಗಿ ಉರಿಯುತ್ತಾ ಸಮಯ ಕಳೆಯುತ್ತದೆ. ಅಷ್ಟರಲ್ಲಿ ರಾಕೆಟ್ ತನ್ನ ವೇಗದಲ್ಲೇ ಏರಿ ನೆತ್ತಿ ಮುಟ್ಟುತ್ತದೆ. ಮೂರನೆಯದು ಒಂದು ಚಿಟಿಕೆ ಮದ್ದು. ಅದು ಹೊತ್ತಿಕೊಂಡಾಗ ಅನಿಲ ಕೊಳವೆಯೊಳಕ್ಕೆ ನುಗ್ಗಿ ಮೂತಿಯನ್ನು ಕಳಚಿ, ಮಡಿಸಿಟ್ಟ ಪ್ಯಾರಾಚೂಟನ್ನು ಹೊರಕ್ಕೆ ತಳ್ಳುತ್ತದೆ. ಇದಕ್ಕೆ ಕಾರ್ಲೈಲ್ ಅವರಿಗೆ 1958ರ ಜುಲೈ 1ರಂದು ಪೇಟೆಂಟ್ ಸಿಕ್ಕಿತು.

ಸ್ಟೈನ್ ಈ ರಾಕೆಟ್‌ಗಳನ್ನು ತರಿಸಿಕೊಂಡು ಹಾರಿಸಿ ನೋಡಿದರು. ಕಾಲವೂ ಅದಕ್ಕೆ ಕೂಡಿಬಂತು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ್ದೇ ತಡ, ಅಮೆರಿಕದ ಊರೂರುಗಳಲ್ಲಿ ಹುಡುಗರು ತಮ್ಮದೇ ರಾಕೆಟ್ ಕಟ್ಟಲು ಹೊರಟರು. ಲೋಹದ ಕೊಳವೆಗೆ ಬೆಂಕಿಕಡ್ಡಿಯ ಮದ್ದು ತುಂಬಿದರು. ಸತು ಮತ್ತು ಗಂಧಕದ ಪುಡಿ ಬೆರೆಸಿದರು. ಒಂದು ತುದಿ ಮುಚ್ಚಿದ ಲೋಹದ ಕೊಳವೆಗೆ ಮದ್ದು ಜಡಿದರೆ ಅದು ರಾಕೆಟ್ ಆಗುವುದಕ್ಕಿಂತ ಬಾಂಬ್ ಆಗುವ ಸಂಭವವೇ ಹೆಚ್ಚು. ಬೆರಳು ಕಳೆದುಕೊಂಡವರು, ಕಣ್ಣು ಕಳೆದುಕೊಂಡವರು, ಸತ್ತವರು ಇದ್ದರು. ಇದನ್ನೆಲ್ಲ ನಿಷೇಧಿಸಬೇಕೆಂಬ ಕೂಗೂ ಎದ್ದಿತು.

ಸ್ಟೈನ್ ಮತ್ತು ಕಾರ್ಲೈಲ್ ಬೇರೆ ದಾರಿ ತೋರಿಸಿದರು. ಮಕ್ಕಳು ಮದ್ದನ್ನು ಮುಟ್ಟುವುದೇ ಬೇಡ. ಅದು ಕಾರ್ಖಾನೆಯಿಂದ ಸಿದ್ಧವಾಗಿ ಬರಲಿ. ರಾಕೆಟ್ಟಿನ ಮೈ ಕಾಗದ, ಮರ, ಪ್ಲಾಸ್ಟಿಕ್ಕಿನದಾಗಿರಲಿ, ಲೋಹ ಬೇಡ. ಬತ್ತಿಗೆ ಕಡ್ಡಿ ಗೀರದೆ ದೂರ ನಿಂತು ವಿದ್ಯುತ್ತಿನಿಂದ ಹೊತ್ತಿಸಲಿ. ಏರಿದ್ದು ಮೆಲ್ಲಗೆ ಇಳಿಯುವ ವ್ಯವಸ್ಥೆ ಇಲ್ಲದೆ ಯಾವ ರಾಕೆಟ್ಟೂ ಹಾರಬಾರದು. 1957ರಲ್ಲಿ ಡೆನ್ವರ್‌ನಲ್ಲಿ ಶುರುವಾದ ಮಾಡೆಲ್ ಮಿಸೈಲ್ಸ್ ಎಂಬ ಕಂಪನಿ, ಅದೇ ಕಾಲದಲ್ಲಿ ಹುಟ್ಟಿದ ಹವ್ಯಾಸಿಗಳ ರಾಷ್ಟ್ರೀಯ ಸಂಘ, ಅದರ ಸುರಕ್ಷತಾ ನಿಯಮಾವಳಿ, ಎಲ್ಲವೂ ಈ ಆಲೋಚನೆಯ ಸುತ್ತ ಬೆಳೆದವು. ಕೈಯಲ್ಲಿ ಮಾಡಿದ ಮೋಟಾರುಗಳು ಬೇಡಿಕೆಗೆ ಸಾಲದೆ ಹೋದಾಗ ಡೆನ್ವರ್‌ನ ಪಟಾಕಿ ತಯಾರಕರೊಬ್ಬರ ಮಗ ವರ್ನನ್ ಎಸ್ಟಸ್ ಒಂದು ಯಂತ್ರ ಕಟ್ಟಿದರು. 'ಮೇಬಲ್' ಎಂಬ ಹೆಸರಿನ ಆ ಯಂತ್ರ ಸುಮಾರು ಐದೂವರೆ ಸೆಕೆಂಡಿಗೊಂದು ಮೋಟಾರು ಮಾಡುತ್ತಿತ್ತು. ಇಂದಿಗೂ ಅಂಥ ಮೋಟಾರಿನ ಮೇಲೆ 'ಸಿ6-5' ಎಂಬಂತಹ ಗುರುತು ಇರುತ್ತದೆ. 'ಸಿ' ಎಂಬುದು ಒಟ್ಟು ಶಕ್ತಿಯ ವರ್ಗ. 6 ಎಂದರೆ ಸರಾಸರಿ ನೂಕುಬಲ ಆರು ನ್ಯೂಟನ್. ಕೊನೆಯ 5 ಎಂದರೆ ನೂಕು ಮುಗಿದ ಮೇಲೆ ಪ್ಯಾರಾಚೂಟ್ ಹೊರಬರುವವರೆಗೆ ಕಾಯುವ ಸೆಕೆಂಡುಗಳು. ಇಳಿಯುವ ಸಮಯವನ್ನು ಏರುವ ಯಂತ್ರದ ಹೆಸರಿನಲ್ಲೇ ಬರೆದಿಟ್ಟ ಪದ್ಧತಿ ಇದು.

ಹಿಗ್ಗಿಸುವ ಆಸೆ

ಮಕ್ಕಳು ದೊಡ್ಡವರಾದರು, ಅವರ ರಾಕೆಟ್ಟುಗಳೂ ದೊಡ್ಡದಾಗಬಯಸಿದವು. ಹತ್ತನೆಯ ವಯಸ್ಸಿನಲ್ಲಿ ಹಾರಿಸಿದ ಮೆಚ್ಚಿನ ರಾಕೆಟ್ಟನ್ನು ನಲವತ್ತನೆಯ ವಯಸ್ಸಿನಲ್ಲಿ ನಾಲ್ಕು ಪಟ್ಟೋ ಹತ್ತು ಪಟ್ಟೋ ಹಿಗ್ಗಿಸಿ ಕಟ್ಟುವುದು ಈ ಹವ್ಯಾಸಿಗಳ ನಡುವೆ ಒಂದು ಸಂಪ್ರದಾಯವೇ ಆಗಿದೆ. ಅದೇ ಬಣ್ಣ, ಅದೇ ರೆಕ್ಕೆ, ಅದೇ ಮೂತಿ, ಅಳತೆ ಮಾತ್ರ ಬೇರೆ. ಕೇಳಲು ಸುಲಭ: ಎಲ್ಲ ಅಳತೆಗಳನ್ನೂ ನಾಲ್ಕರಿಂದ ಗುಣಿಸಿದರೆ ಆಯಿತಲ್ಲ?

ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನು ಗೆಲಿಲಿಯೊ 1638ರಲ್ಲೇ ವಿವರಿಸಿದ್ದ. ಉದ್ದ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಘನಗಾತ್ರ ಎಂಟು ಪಟ್ಟಾಗುತ್ತದೆ. ಹಾಗಾಗಿ ಚಿಕ್ಕ ಪ್ರಾಣಿಯ ಮೂಳೆಯನ್ನು ಅದೇ ಆಕಾರದಲ್ಲಿ ಹಿಗ್ಗಿಸಿದರೆ ಅದು ದೊಡ್ಡ ಪ್ರಾಣಿಯ ತೂಕವನ್ನು ಹೊರಲಾರದು. ಮೂಳೆ ಇನ್ನೂ ದಪ್ಪವಾಗಬೇಕು. ಮುಂದೆ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರ ತಮ್ಮ ಪ್ರಸಿದ್ಧ ಪ್ರಬಂಧವೊಂದರಲ್ಲಿ ಇದೇ ತತ್ವವನ್ನು ಬೀಳುವಿಕೆಗೆ ಅನ್ವಯಿಸಿದರು. ಆಳದ ಗಣಿಗೆ ಬಿದ್ದ ಇಲಿ ಎದ್ದು ಓಡಿಹೋಗಬಲ್ಲದು, ಮನುಷ್ಯನೋ ಕುದುರೆಯೋ ಬದುಕುವುದಿಲ್ಲ ಎಂಬುದು ಅವರ ವಾದದ ಸಾರ. ಇಲಿಯ ತೂಕಕ್ಕೆ ಹೋಲಿಸಿದರೆ ಅದರ ಮೈಯ ಹರವು ದೊಡ್ಡದು. ಗಾಳಿಯೇ ಅದಕ್ಕೆ ಪ್ಯಾರಾಚೂಟ್.

ಮಾದರಿ ರಾಕೆಟ್ಟಿನ ಲೋಕದಲ್ಲೂ ಅಂಥದೊಂದು ಇಲಿ ಇದೆ. ಎಸ್ಟಸ್ ಕಂಪನಿಯ 'ಮಸ್ಕೀಟೊ' ಎಂಬ ರಾಕೆಟ್ ಹೆಸರಿಗೆ ತಕ್ಕಂತೆ ಸೊಳ್ಳೆಯೇ. ಬೆರಳುದ್ದ, ಕೆಲವೇ ಗ್ರಾಂ ತೂಕ. ಅದಕ್ಕೆ ಪ್ಯಾರಾಚೂಟೇ ಇಲ್ಲ. ಮೇಲೆ ಹೋದ ಮೇಲೆ ಮೋಟಾರು ಕಳಚಿಕೊಂಡು ಖಾಲಿ ಮೈ ಗಿರಕಿ ಹೊಡೆಯುತ್ತಾ ತರಗೆಲೆಯಂತೆ ಬೀಳುತ್ತದೆ. ಹುಲ್ಲಿನಲ್ಲಿ ಹುಡುಕುವುದೊಂದೇ ಕಷ್ಟ. ಅದೇ ಕಂಪನಿ ಅದರ ಹಿಗ್ಗಿಸಿದ ರೂಪವನ್ನು ಮಾರಿದಾಗ ಪ್ಯಾರಾಚೂಟ್ ಸೇರಿಸಲೇಬೇಕಾಯಿತು. ಆಕಾರ ಅದೇ. ಆದರೆ ದೊಡ್ಡ ಸೊಳ್ಳೆ ತರಗೆಲೆಯಂತೆ ಬೀಳಲಾರದು.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಅರ್ಧ ಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ವ್ಯಾಸ, 60 ಗ್ರಾಂ ತೂಕದ ಒಂದು ರಾಕೆಟ್ ಇದೆ ಎಂದುಕೊಳ್ಳಿ. 30 ಸೆಂಟಿಮೀಟರ್ ಅಗಲದ ಪ್ಯಾರಾಚೂಟಿನಲ್ಲಿ ಅದು ಸೆಕೆಂಡಿಗೆ ಸುಮಾರು 4.3 ಮೀಟರ್ ವೇಗದಲ್ಲಿ ಇಳಿಯುತ್ತದೆ. ಈಗ ಎಲ್ಲವನ್ನೂ ನಾಲ್ಕು ಪಟ್ಟು ಮಾಡೋಣ. ಉದ್ದ ಎರಡು ಮೀಟರ್, ವ್ಯಾಸ 10 ಸೆಂಟಿಮೀಟರ್. ತೂಕ ಮಾತ್ರ 64 ಪಟ್ಟು, ಅಂದರೆ 3.8 ಕಿಲೋ ದಾಟುತ್ತದೆ. ಪ್ಯಾರಾಚೂಟನ್ನೂ ನಾಲ್ಕು ಪಟ್ಟು ಅಗಲ ಮಾಡಿ 1.2 ಮೀಟರಿನದು ಕಟ್ಟಿದರೆ ಅದರ ವಿಸ್ತೀರ್ಣ ಹೆಚ್ಚುವುದು 16 ಪಟ್ಟು ಮಾತ್ರ. ಇಳಿಯುವ ವೇಗ ಎರಡರಷ್ಟಾಗಿ ಸೆಕೆಂಡಿಗೆ 8.5 ಮೀಟರ್ ಆಗುತ್ತದೆ. ನೆಲಕ್ಕೆ ಬಡಿಯುವ ಶಕ್ತಿಯನ್ನು ನೋಡಿದರೆ ವ್ಯತ್ಯಾಸ ಇನ್ನೂ ಭಯಂಕರ. ಚಿಕ್ಕದು ಅರ್ಧ ಜೂಲ್‌ನಷ್ಟು ಶಕ್ತಿಯಿಂದ ನೆಲ ಮುಟ್ಟಿದರೆ ದೊಡ್ಡದು ಸುಮಾರು 140 ಜೂಲ್‌ನಿಂದ ಬಡಿಯುತ್ತದೆ, 256 ಪಟ್ಟು. ಮೊದಲಿನ ವೇಗದಲ್ಲೇ ಇಳಿಯಬೇಕಾದರೆ ಪ್ಯಾರಾಚೂಟ್ 1.2 ಮೀಟರ್ ಅಲ್ಲ, 2.4 ಮೀಟರ್ ಅಗಲವಿರಬೇಕು. ಎಲ್ಲವೂ ನಾಲ್ಕು ಪಟ್ಟಾದಾಗ ಪ್ಯಾರಾಚೂಟ್ ಎಂಟು ಪಟ್ಟಾಗಬೇಕು. ಅಷ್ಟು ದೊಡ್ಡ ಬಟ್ಟೆಯನ್ನು ಮಡಿಸಿಡಲು ಕೊಳವೆಯಲ್ಲಿ ಜಾಗವೂ ಬೇಕು.

ಯಾವಾಗ ಬಿಚ್ಚಬೇಕು?

ಪ್ಯಾರಾಚೂಟಿನ ಗಾತ್ರ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಉಳಿದ ಅರ್ಧ ಅದನ್ನು ಬಿಚ್ಚುವ ಕ್ಷಣದ್ದು. ನೆತ್ತಿಯಲ್ಲಿ ರಾಕೆಟ್ ಹೆಚ್ಚುಕಡಿಮೆ ನಿಂತಂತಿರುತ್ತದೆ. ಆಗ ಬಿಚ್ಚಿದರೆ ಬಟ್ಟೆ ಮೆಲ್ಲಗೆ ಅರಳುತ್ತದೆ. ಮೂರು ಸೆಕೆಂಡು ತಡವಾದರೆ ರಾಕೆಟ್ ಆಗಲೇ ಕೆಳಮುಖವಾಗಿ ಸೆಕೆಂಡಿಗೆ ಸುಮಾರು 30 ಮೀಟರ್ ವೇಗ ಪಡೆದಿರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಿಚ್ಚಿಕೊಂಡಾಗ ಬೀಳುವ ಜಗ್ಗಿಗೆ ಹೋಲಿಸಿದರೆ 30 ಮೀಟರಿನಲ್ಲಿ ಒಂಬತ್ತು ಪಟ್ಟು ಜಗ್ಗು ಬೀಳುತ್ತದೆ. 60 ಗ್ರಾಮಿನ ರಾಕೆಟ್ ಇದನ್ನು ತಡೆದುಕೊಂಡೀತು. ನಾಲ್ಕು ಕಿಲೋದ ರಾಕೆಟ್ಟಿನಲ್ಲಿ ಪ್ಯಾರಾಚೂಟಿಗೆ ಕಟ್ಟಿದ ಹಗ್ಗ ಕೊಳವೆಯ ಅಂಚನ್ನು ಮೇಲಿಂದ ಕೆಳಗೆ ಸೀಳಿಬಿಡುತ್ತದೆ. ಹವ್ಯಾಸಿಗಳು ಇದನ್ನು 'ಜಿಪ್ಪರ್' ಎನ್ನುತ್ತಾರೆ. ಜಾಕೆಟ್ಟಿನ ಜಿಪ್ ಎಳೆದಂತೆ ಕೊಳವೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಚಿಕ್ಕ ರಾಕೆಟ್ಟಿನ ರಬ್ಬರ್ ದಾರದ ಜಾಗಕ್ಕೆ ದೊಡ್ಡದರಲ್ಲಿ ಕೆವ್ಲಾರ್ ಅಥವಾ ನೈಲಾನಿನ ಗಟ್ಟಿ ಪಟ್ಟಿ ಬರುತ್ತದೆ. ರಾಕೆಟ್ಟಿನ ಉದ್ದಕ್ಕಿಂತ ಹಲವು ಪಟ್ಟು ಉದ್ದವಿರುವ ಆ ಪಟ್ಟಿ ಜಗ್ಗನ್ನು ಹಂಚಿಕೊಳ್ಳುತ್ತದೆ.

ನೆತ್ತಿಯಲ್ಲೇ ಸರಿಯಾಗಿ ಬಿಚ್ಚಿದರೂ ಮತ್ತೊಂದು ತೊಡಕಿದೆ. ನಮ್ಮ ದೊಡ್ಡ ರಾಕೆಟ್ 1,500 ಮೀಟರ್ ಏರಿತು ಎನ್ನಿ. ಸೆಕೆಂಡಿಗೆ 4.3 ಮೀಟರಿನಂತೆ ಇಳಿಯಲು ಅದಕ್ಕೆ ಆರು ನಿಮಿಷ ಬೇಕು. ಸೆಕೆಂಡಿಗೆ ಐದು ಮೀಟರಿನ ಸಾಧಾರಣ ಗಾಳಿ ಬೀಸುತ್ತಿದ್ದರೂ ಅದು ಒಂದೂಮುಕ್ಕಾಲು ಕಿಲೋಮೀಟರ್ ದೂರಕ್ಕೆ ತೇಲಿಹೋಗುತ್ತದೆ. ಅಲ್ಲಿ ಹೆದ್ದಾರಿ ಇರಬಹುದು, ಶಾಲೆ ಇರಬಹುದು. ಬೇಗ ಇಳಿಸಿದರೆ ಪೆಟ್ಟು, ನಿಧಾನವಾಗಿ ಇಳಿಸಿದರೆ ಅಲೆದಾಟ.

ಇದಕ್ಕೆ ಕಂಡುಕೊಂಡ ದಾರಿ ಎರಡು ಹಂತದ ಇಳಿಕೆ. ನೆತ್ತಿಯಲ್ಲಿ ಒಂದು ಪುಟ್ಟ ಪ್ಯಾರಾಚೂಟ್ ಮಾತ್ರ ಬಿಚ್ಚಿಕೊಳ್ಳುತ್ತದೆ. ರಾಕೆಟ್ ಅಂಕೆ ತಪ್ಪದಂತೆ, ಆದರೆ ಸೆಕೆಂಡಿಗೆ 20 ಮೀಟರ್‌ನಷ್ಟು ವೇಗವಾಗಿಯೇ ಇಳಿಯುತ್ತದೆ. ನೆಲ ಇನ್ನು 200 ಮೀಟರ್ ಇದೆ ಎನ್ನುವಾಗ ದೊಡ್ಡ ಪ್ಯಾರಾಚೂಟ್ ಹೊರಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಆರು ನಿಮಿಷದ ಇಳಿಕೆ ಎರಡು ನಿಮಿಷದೊಳಗೆ ಮುಗಿಯುತ್ತದೆ. ತೇಲುವ ದೂರ ಅರ್ಧ ಕಿಲೋಮೀಟರ್ ಆಸುಪಾಸಿಗೆ ಇಳಿಯುತ್ತದೆ.

ಆದರೆ ರಾಕೆಟ್ಟಿಗೆ ತಾನು ನೆತ್ತಿ ಮುಟ್ಟಿದ್ದು, ನೆಲ ಹತ್ತಿರವಾದದ್ದು ಗೊತ್ತಾಗುವುದು ಹೇಗೆ? ಮೋಟಾರಿನೊಳಗಿನ ನಿಧಾನದ ಪದರ ಇಲ್ಲಿ ಸಾಲುವುದಿಲ್ಲ. ಅದಕ್ಕೆ ಸೆಕೆಂಡು ಗೊತ್ತು, ಎತ್ತರ ಗೊತ್ತಿಲ್ಲ. ಆ ಕೆಲಸ ಮಾಡುವುದು ಆಲ್ಟಿಮೀಟರ್ ಎಂಬ ಬೆರಳಗಲದ ವಿದ್ಯುನ್ಮಾನ ಹಲಗೆ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಒತ್ತಡ ಇಳಿಯುವುದು ನಿಂತು ಮತ್ತೆ ಏರತೊಡಗಿದ ಕ್ಷಣವೇ ನೆತ್ತಿ. ಆಗ ಅದು ವಿದ್ಯುತ್ ಹರಿಸಿ ಮೊದಲ ಮದ್ದನ್ನು ಹೊತ್ತಿಸುತ್ತದೆ. ಗೊತ್ತುಮಾಡಿದ ಎತ್ತರಕ್ಕೆ ಇಳಿದಾಗ ಎರಡನೆಯದನ್ನು. ಹೊರಗಿನ ಒತ್ತಡ ಅದಕ್ಕೆ ತಿಳಿಯಬೇಕಾದರೆ ಅದು ಕೂತ ಕೋಣೆಯ ಗೋಡೆಗೆ ಸರಿಯಾದ ಅಳತೆಯ ತೂತುಗಳಿರಬೇಕು. ಆ ತೂತು ಕೊರೆಯಲು ಮರೆತರೆ ರಾಕೆಟ್ ಕುರುಡಾಗುತ್ತದೆ.

ಇಲ್ಲೂ ಗೆಲಿಲಿಯೊನ ವರ್ಗ-ಘನದ ಲೆಕ್ಕ ಬೆನ್ನು ಬಿಡುವುದಿಲ್ಲ. ಕೊಳವೆಯೊಳಗೆ ಒಂದು ವಾಯುಭಾರದಷ್ಟು ಹೆಚ್ಚುವರಿ ಒತ್ತಡ ಹುಟ್ಟಿದರೆ ಎರಡೂವರೆ ಸೆಂಟಿಮೀಟರ್ ವ್ಯಾಸದ ಮೂತಿಯ ಮೇಲೆ ಬೀಳುವ ಬಲ ಐದು ಕಿಲೋ ತೂಕದಷ್ಟು. 10 ಸೆಂಟಿಮೀಟರಿನ ಮೂತಿಯ ಮೇಲೆ ಅದು 80 ಕಿಲೋ. ಚಿಕ್ಕ ರಾಕೆಟ್ಟಿನ ಮೂತಿ ಬರೀ ಬಿಗಿಯಿಂದ ನಿಂತಿರುತ್ತದೆ. ದೊಡ್ಡದರಲ್ಲಿ ಮೊದಲ ಪ್ಯಾರಾಚೂಟ್ ಬಿಚ್ಚಿದ ಜಗ್ಗಿಗೇ ದೊಡ್ಡ ಪ್ಯಾರಾಚೂಟಿನ ಕೋಣೆ ತೆರೆದುಕೊಳ್ಳದಂತೆ ಪುಟ್ಟ ನೈಲಾನ್ ಸ್ಕ್ರೂಗಳನ್ನು ಹಾಕುತ್ತಾರೆ. ಮದ್ದು ಹೊತ್ತಿದಾಗ ಮಾತ್ರ ಅವು ತುಂಡಾಗಬೇಕು. ಎಷ್ಟು ಗಟ್ಟಿ ಇರಬೇಕೋ ಅಷ್ಟೇ ಗಟ್ಟಿ, ಮುರಿಯಬೇಕಾದಾಗ ಮುರಿಯುವಷ್ಟು ಮೆದು. ಬಿಸಿ ಅನಿಲಕ್ಕೆ ಪ್ಯಾರಾಚೂಟ್ ಸುಡದಂತೆ ಬೆಂಕಿ ತಡೆಯುವ ಬಟ್ಟೆಯಲ್ಲಿ ಸುತ್ತುತ್ತಾರೆ. ಇಷ್ಟಾದ ಮೇಲೂ ಹಾರಿಸುವ ಮುನ್ನ ನೆಲದ ಮೇಲೆ ಮಲಗಿಸಿ, ದೂರ ನಿಂತು, ಮದ್ದನ್ನು ಹೊತ್ತಿಸಿ ಮೂತಿ ಕಳಚುತ್ತದೆಯೇ ಎಂದು ಪರೀಕ್ಷಿಸುತ್ತಾರೆ.

ದುಬಾರಿ ಪಾಠವೊಂದು

ಇಷ್ಟೆಲ್ಲ ಎಚ್ಚರ ಹವ್ಯಾಸಿಗಳ ಗೀಳು ಎನಿಸಬಹುದು. ನಾಸಾದ ಜೆನೆಸಿಸ್ ನೌಕೆಯ ಕಥೆ ಕೇಳಿದರೆ ಹಾಗೆನಿಸುವುದಿಲ್ಲ. 2001ರಲ್ಲಿ ಹೊರಟ ಆ ನೌಕೆ ಸೌರಮಾರುತದ ಕಣಗಳನ್ನು ಸಂಗ್ರಹಿಸಿ 2004ರ ಸೆಪ್ಟೆಂಬರ್ 8ರಂದು ಭೂಮಿಗೆ ಮರಳಿತು. ಯೂಟಾ ಮರುಭೂಮಿಯ ಮೇಲೆ ಪ್ಯಾರಾಚೂಟಿನಲ್ಲಿ ತೇಲುತ್ತಿರುವಾಗಲೇ ಅದರ ಪೆಟ್ಟಿಗೆಯನ್ನು ಹೆಲಿಕಾಪ್ಟರಿನ ಕೊಕ್ಕೆಯಿಂದ ಹಿಡಿಯುವ ಯೋಜನೆಯಿತ್ತು. ಪ್ಯಾರಾಚೂಟ್ ಬಿಚ್ಚಲೇ ಇಲ್ಲ. ಪೆಟ್ಟಿಗೆ ಗಂಟೆಗೆ 300 ಕಿಲೋಮೀಟರ್ ಮೀರಿದ ವೇಗದಲ್ಲಿ ನೆಲಕ್ಕೆ ಅಪ್ಪಳಿಸಿತು. ವಾತಾವರಣಕ್ಕೆ ನುಗ್ಗಿದಾಗಿನ ಜಗ್ಗನ್ನು ಗುರುತಿಸಿ ಪ್ಯಾರಾಚೂಟಿಗೆ ಸೂಚನೆ ಕೊಡಬೇಕಿದ್ದ ಪುಟ್ಟ ಸ್ವಿಚ್ಚುಗಳನ್ನು ವಿನ್ಯಾಸದ ನಕ್ಷೆಯಲ್ಲೇ ತಲೆಕೆಳಗಾಗಿ ಬರೆಯಲಾಗಿತ್ತು, ಅದರಂತೆಯೇ ತಲೆಕೆಳಗಾಗಿ ಕೂರಿಸಲಾಗಿತ್ತು ಎಂದು ತನಿಖೆ ಹೇಳಿತು. ಒಡೆದ ಚೂರುಗಳಿಂದಲೇ ವಿಜ್ಞಾನಿಗಳು ಬಹಳಷ್ಟನ್ನು ಉಳಿಸಿಕೊಂಡರು. ಅದು ಅವರ ತಾಳ್ಮೆಗೆ ಸಲ್ಲಬೇಕಾದ ಶ್ರೇಯ. ಮೂರು ವರ್ಷ ಅಂತರಿಕ್ಷದಲ್ಲಿ ಎಡವದ ಯಂತ್ರ ಕೊನೆಯ ಕೆಲವು ನಿಮಿಷಗಳಲ್ಲಿ ಎಡವಿತು.

ಹವ್ಯಾಸಿಗಳ ಸಂಘಗಳು ಈ ಕೊನೆಯ ನಿಮಿಷಗಳನ್ನೇ ಪರೀಕ್ಷೆಯನ್ನಾಗಿ ಮಾಡಿಕೊಂಡಿವೆ. ಮೋಟಾರುಗಳ ವರ್ಗೀಕರಣದಲ್ಲಿ ಒಂದೊಂದು ಅಕ್ಷರ ಮುಂದೆ ಹೋದಂತೆ ಗರಿಷ್ಠ ಶಕ್ತಿ ಎರಡರಷ್ಟಾಗುತ್ತದೆ. 'ಎ' ವರ್ಗದ ಮಿತಿ 2.5 ನ್ಯೂಟನ್-ಸೆಕೆಂಡ್, 'ಎಚ್' ವರ್ಗಕ್ಕೆ ಬರುವಷ್ಟರಲ್ಲಿ ಅದು 320. ಅಲ್ಲಿಂದ ಮೇಲಿನದು ಹೆಚ್ಚು ಶಕ್ತಿಯ ರಾಕೆಟ್ಟುಗಳ ವಲಯ. ಅದನ್ನು ಪ್ರವೇಶಿಸಲು ಮೂರು ಹಂತದ ಅರ್ಹತಾಪತ್ರಗಳಿವೆ. ಅರ್ಹತೆ ಪಡೆಯಬಯಸುವವರು ಅನುಭವಿಗಳ ಎದುರು ತಮ್ಮ ರಾಕೆಟ್ಟನ್ನು ಹಾರಿಸಿ ತೋರಿಸಬೇಕು. ಎಷ್ಟು ಎತ್ತರ ಹೋಯಿತೆಂಬುದಕ್ಕೆ ಅಂಕವಿಲ್ಲ. ಮತ್ತೆ ಹಾರಿಸಬಹುದಾದ ಸ್ಥಿತಿಯಲ್ಲಿ ಮರಳಿತೇ ಎಂಬುದೇ ಪ್ರಶ್ನೆ. ಕಣ್ಣು ಕೋರೈಸುವಂತೆ ಏರಿ, ಪ್ಯಾರಾಚೂಟ್ ಬಿಚ್ಚದೆ ಬಿದ್ದರೆ ಅನುತ್ತೀರ್ಣ. ಮೂರನೆಯ ಹಂತದಲ್ಲಿ ಪ್ಯಾರಾಚೂಟ್ ಬಿಚ್ಚಿಸುವ ವ್ಯವಸ್ಥೆ ಒಂದು ಕೈಕೊಟ್ಟರೆ ಇನ್ನೊಂದು ಇರುವಂತೆ ಎರಡಾಗಿರಬೇಕು.

ಈ ಶಿಸ್ತು ಒಮ್ಮೆ ನ್ಯಾಯಾಲಯದ ಹೊಸ್ತಿಲಿಗೂ ಬಂತು. ದೊಡ್ಡ ಮೋಟಾರುಗಳಲ್ಲಿ ಬಳಸುವ ಅಮೋನಿಯಂ ಪರ್ಕ್ಲೋರೇಟ್ ಮಿಶ್ರಣವನ್ನು ಅಮೆರಿಕ ಸರ್ಕಾರ ಸ್ಫೋಟಕಗಳ ಪಟ್ಟಿಗೆ ಸೇರಿಸಿತ್ತು. ಅದು ಉರಿಯುತ್ತದೆಯೇ ಹೊರತು ಸ್ಫೋಟಿಸುವುದಿಲ್ಲ ಎಂದು ವಾದಿಸಿ ಎರಡು ಸಂಘಗಳು 2000ರಲ್ಲಿ ದಾವೆ ಹೂಡಿದವು. 2009ರ ಮಾರ್ಚ್ 16ರಂದು ತೀರ್ಪು ಅವರ ಪರವಾಗಿ ಬಂತು. ಗಾಡರ್ಡ್ ಹಾರಾಟದ ದಿನಕ್ಕೆ ಸರಿಯಾಗಿ 83 ವರ್ಷ.

ಅದಾಗಿ ಆರು ವಾರ ತುಂಬುವ ಮೊದಲೇ, ಏಪ್ರಿಲ್ 25ರಂದು, ಮೇರಿಲ್ಯಾಂಡಿನ ಪ್ರೈಸ್ ಎಂಬಲ್ಲಿನ ಹೊಲವೊಂದರಲ್ಲಿ ಜನ ಸೇರಿದ್ದರು. ಕಾರುಗಳ ಬಾಡಿ ರಿಪೇರಿ ಮಾಡುತ್ತಿದ್ದ ಒಹಾಯೊದ ಸ್ಟೀವ್ ಈವ್ಸ್, ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಸ್ಯಾಟರ್ನ್-5 ರಾಕೆಟ್ಟಿನ ಹತ್ತನೆಯ ಒಂದರಷ್ಟು ಗಾತ್ರದ ಪ್ರತಿಯನ್ನು ಕಟ್ಟಿ ತಂದಿದ್ದರು. ಎತ್ತರ 36 ಅಡಿ. ತೂಕ 1,648 ಪೌಂಡ್, ಅಂದರೆ ಸುಮಾರು 750 ಕಿಲೋ. ಒಂಬತ್ತು ಮೋಟಾರುಗಳು ಅದನ್ನು 4,400 ಅಡಿಗೂ ಮೇಲಕ್ಕೆ ಒಯ್ದವು. ಅಂದಿಗೆ ಅದು ಹವ್ಯಾಸಿಯೊಬ್ಬರು ಹಾರಿಸಿದ ಅತಿದೊಡ್ಡ ಮಾದರಿ ರಾಕೆಟ್. ಹತ್ತು ಪಟ್ಟು ಕುಗ್ಗಿಸಿದರೆ ತೂಕ ಸಾವಿರ ಪಟ್ಟು ಕುಗ್ಗಬೇಕು. ಸುಮಾರು 2,900 ಟನ್ನಿನ ಮೂಲಕ್ಕೆ ಆ ಲೆಕ್ಕದಲ್ಲಿ 2.9 ಟನ್ ತೂಗುವ ಪ್ರತಿ ಬೇಕಿತ್ತು. ಈವ್ಸ್ ಅದನ್ನು ಮುಕ್ಕಾಲು ಟನ್ನಿಗೆ ಇಳಿಸಿದ್ದರು. ಆದರೂ ಇಳಿಸುವುದು ಸಣ್ಣ ಕೆಲಸವಲ್ಲ. ಅರ್ಧ ಟನ್ ತೂಕವನ್ನು ಒಂದೇ ಪ್ಯಾರಾಚೂಟಿನಲ್ಲಿ ಸೆಕೆಂಡಿಗೆ ಆರು ಮೀಟರಿನಂತೆ ಇಳಿಸಬೇಕೆಂದರೆ, ನಮ್ಮ ಹಿಂದಿನ ಲೆಕ್ಕದ ಪ್ರಕಾರವೇ, ಹೆಚ್ಚುಕಡಿಮೆ 20 ಮೀಟರ್ ಅಗಲದ ಬಟ್ಟೆ ಬೇಕು. ಈವ್ಸ್ ಅವರ ರಾಕೆಟ್ ಪ್ಯಾರಾಚೂಟುಗಳಿಗೆ ಜೋತು ಮರಳಿ ನೆಲ ಮುಟ್ಟಿತು. ಮೂಲ ಸ್ಯಾಟರ್ನ್-5ಕ್ಕೆ ಆ ಭಾಗ್ಯವಿರಲಿಲ್ಲ. ಅದರ ಮೊದಲ ಹಂತ ಪ್ರತಿ ಬಾರಿಯೂ ಸಮುದ್ರಕ್ಕೆ ಬಿದ್ದು ಮುಳುಗುತ್ತಿತ್ತು. ಮರಳುತ್ತಿದ್ದದ್ದು ತುದಿಯಲ್ಲಿ ಮನುಷ್ಯರಿದ್ದ ಪುಟ್ಟ ಕೋಶ ಮಾತ್ರ, ಅದೂ ಮೂರು ದೊಡ್ಡ ಪ್ಯಾರಾಚೂಟುಗಳಿಗೆ ಜೋತು.

ನಮ್ಮ ದೇಶದ ರಾಕೆಟ್ಟುಗಳೂ ಈ ಪಾಠಕ್ಕೆ ಬಂದು ನಿಂತಿವೆ. 2007ರ ಜನವರಿಯಲ್ಲಿ ಇಸ್ರೊ ಕಕ್ಷೆಯಿಂದ ಒಂದು ಪುಟ್ಟ ಕೋಶವನ್ನು ಮೊದಲ ಬಾರಿಗೆ ಮರಳಿಸಿ ಬಂಗಾಳ ಕೊಲ್ಲಿಯಲ್ಲಿ ಇಳಿಸಿತು. ಬೆಂಗಳೂರಿನ ಮಾನವ ಬಾಹ್ಯಾಕಾಶ ಯಾನ ಕೇಂದ್ರ ನಿರ್ವಹಿಸುತ್ತಿರುವ ಗಗನಯಾನ ಯೋಜನೆಯ ಪರೀಕ್ಷಾ ಹಾರಾಟ 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಿಂದ ನಡೆದಾಗ ಕೋಶದಲ್ಲಿದ್ದದ್ದು ಹತ್ತು ಪ್ಯಾರಾಚೂಟುಗಳು. ಮುಚ್ಚಳ ತೆಗೆಯಲು ಎರಡು, ವೇಗ ಕುಗ್ಗಿಸಿ ಸ್ಥಿರಗೊಳಿಸಲು ಎರಡು, ದೊಡ್ಡವನ್ನು ಹೊರಗೆಳೆಯಲು ಮೂರು, ಕೊನೆಗೆ 25 ಮೀಟರ್ ವ್ಯಾಸದ ಮೂರು. ಆ ಮೂರರಲ್ಲಿ ಒಂದು ಬಿಚ್ಚದಿದ್ದರೂ ಉಳಿದೆರಡು ಸಾಕು. ಮೊದಲು ಚಿಕ್ಕದು, ಆಮೇಲೆ ದೊಡ್ಡದು. ಒಂದು ಕೈಕೊಟ್ಟರೆ ಇನ್ನೊಂದು. ಎರಡು ಮೀಟರಿನ ಕಾಗದದ ರಾಕೆಟ್ ಕಟ್ಟುವ ಹವ್ಯಾಸಿ ಪಾಲಿಸುವ ಕ್ರಮವೇ ಇಲ್ಲೂ ಇದೆ. ಒಳಗೆ ಮನುಷ್ಯರು ಕೂರುವುದರಿಂದ ತಪ್ಪಿಗೆ ತೆರುವ ಬೆಲೆ ಮಾತ್ರ ಬೇರೆ.

ಇದನ್ನು ಓದಿ ಯಾರಿಗಾದರೂ ರಾಕೆಟ್ ಕಟ್ಟುವ ಹುಮ್ಮಸ್ಸು ಬಂದರೆ ಒಳ್ಳೆಯದೇ. ಆದರೆ 1957ರ ಹುಡುಗರ ಕೈಗಳನ್ನು ನೆನಪಿಟ್ಟುಕೊಳ್ಳಬೇಕು. ಮನೆಯಲ್ಲಿ ಮದ್ದು ಬೆರೆಸುವುದರಿಂದ ಈ ವಿದ್ಯೆ ಶುರುವಾಗುವುದಿಲ್ಲ. ಒಂದು ಚದರ ಪ್ಲಾಸ್ಟಿಕ್ ಹಾಳೆ, ನಾಲ್ಕು ದಾರ, ಒಂದು ಕಲ್ಲು, ಎರಡನೆಯ ಮಹಡಿಯ ಬಾಲ್ಕನಿ, ಕೆಳಗೆ ಯಾರೂ ಇಲ್ಲವೆಂದು ನೋಡಿಕೊಳ್ಳಲು ಒಬ್ಬ ಗೆಳೆಯ, ಇಷ್ಟಿದ್ದರೆ ಸಾಕು. ಆಮೇಲೆ ಅದನ್ನೇ ಎರಡು ಪಟ್ಟು ಮಾಡಿ, ಕಲ್ಲನ್ನು ಎಂಟು ಪಟ್ಟು ತೂಕದ್ದಾಗಿ ಆರಿಸಿ ಮತ್ತೆ ಬಿಟ್ಟು ನೋಡಬೇಕು. ಎರಡನೆಯದು ಎಷ್ಟು ಬೇಗ ನೆಲ ಸೇರುತ್ತದೆ ಎಂಬುದನ್ನು ಗಡಿಯಾರ ಹಿಡಿದು ಬರೆದುಕೊಂಡರೆ, ಬೂಟಿನ ಅಂಗಡಿಯ ಕಾರ್ಲೈಲ್ ತಮ್ಮ ರಾಕೆಟ್ಟಿಗೆ ಪ್ಯಾರಾಚೂಟಿನ ಹೆಸರನ್ನೇ ಯಾಕಿಟ್ಟರು ಎಂಬುದು ತಾನಾಗಿಯೇ ತಿಳಿಯುತ್ತದೆ.